ಬ್ಯಾನರ್ ಚಲನೆಯ ಮೂರು ದಶಕ: ಫಾರ್ಮ್ಯಾಟಿನ ಆಯ್ಕೆಯನ್ನು ನಿರ್ಧರಿಸಿದವರು ಯಾರು?

ಚಲಿಸುವ ವೆಬ್ ಬ್ಯಾನರನ್ನು ಯಾವ ಫಾರ್ಮ್ಯಾಟಿನಲ್ಲಿ ಎಕ್ಸ್‌ಪೋರ್ಟ್ ಮಾಡಬೇಕು ಎಂಬುದನ್ನು ಸಾಮಾನ್ಯವಾಗಿ ಚಿತ್ರದ ಗುಣಮಟ್ಟದ ಪ್ರಶ್ನೆಯೆಂದೇ ಭಾವಿಸಲಾಗುತ್ತದೆ. 1994ರ ಅಕ್ಟೋಬರಿನಲ್ಲಿ ಹಾಟ್‌ವೈರ್ಡ್ ತಾಣವು ಎಟಿ ಅಂಡ್ ಟಿ ಕಂಪನಿಯ ಬ್ಯಾನರ್ ಪ್ರಕಟಿಸಿದಂದಿನಿಂದ ನಡೆದುಬಂದ ಚರಿತ್ರೆ ಈ ಭಾವನೆಯನ್ನು ಸಮರ್ಥಿಸುವುದಿಲ್ಲ. ಫಾರ್ಮ್ಯಾಟುಗಳ ಅಳಿವು ಉಳಿವನ್ನು ನಿರ್ಧರಿಸಿದ್ದು ಅವುಗಳ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಬ್ರೌಸರ್ ತಯಾರಕರ ಮತ್ತು ಜಾಹೀರಾತು ಜಾಲಗಳ ಅನುಮತಿ ಎಂಬುದು ಈ ಲೇಖನದ ವಾದ.

1987ರಲ್ಲಿ ಕಂಪ್ಯೂಸರ್ವ್ ಸಂಸ್ಥೆಯಲ್ಲಿ ಸ್ಟೀವ್ ವಿಲ್ಹೈಟ್ ತಂಡ ರೂಪಿಸಿದ ಜಿಫ್, ಒಂದು ಫ್ರೇಮಿಗೆ 256 ಬಣ್ಣಗಳಷ್ಟೇ ಇರುವ ಸೀಮಿತ ಫಾರ್ಮ್ಯಾಟು. ಫ್ರೇಮುಗಳ ನಡುವಿನ ವಿಳಂಬವನ್ನು ಸೂಚಿಸುವ ಸೌಲಭ್ಯ 1989ರ ಆವೃತ್ತಿಯಲ್ಲಿ ಬಂದರೂ, ಚಲನೆ ಮತ್ತೆ ಮತ್ತೆ ಸುತ್ತುವಂತಾದದ್ದು ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ತನ್ನದೇ ವಿಸ್ತರಣೆಯನ್ನು ಸೇರಿಸಿದ ಮೇಲೆ. ಇಂದಿಗೂ ಸುತ್ತುವ ಜಿಫ್ ಕಡತದೊಳಗೆ ಆ ಬ್ರೌಸರಿನ ಹೆಸರು ಅಕ್ಷರಶಃ ಇರುತ್ತದೆ. 1994ರ ಕೊನೆಯಲ್ಲಿ ಯುನಿಸಿಸ್ ಕಂಪನಿ ಜಿಫ್ ಬಳಸುವ ಎಲ್‌ಝಡ್‌ಡಬ್ಲ್ಯು ಸಂಕೋಚನದ ಪೇಟೆಂಟಿಗೆ ಶುಲ್ಕ ಕೇಳಿದ್ದರಿಂದ ಪಿಎನ್‌ಜಿ ಹುಟ್ಟಿತು. ಆದರೆ ಅದರಲ್ಲಿ ಚಲನೆಗೆ ಎಡೆಯಿರಲಿಲ್ಲ. ಆ ಕೊರತೆ ತುಂಬಬಲ್ಲ ಎಪಿಎನ್‌ಜಿಯನ್ನು ಪಿಎನ್‌ಜಿ ಗುಂಪು 2007ರಲ್ಲಿ ತಿರಸ್ಕರಿಸಿತು. ಫೈರ್‌ಫಾಕ್ಸ್ 2008ರಲ್ಲೇ ಅದನ್ನು ಒಪ್ಪಿಕೊಂಡರೂ ಕ್ರೋಮ್ ಒಪ್ಪಿದ್ದು 2017ರಲ್ಲಿ. ಬಣ್ಣದಲ್ಲೂ ಪಾರದರ್ಶಕತೆಯಲ್ಲೂ ಮೇಲಾದ ಫಾರ್ಮ್ಯಾಟು ಒಂಬತ್ತು ವರ್ಷ ಕಾದಿರುವಾಗ ಜಿಫ್ ಎಲ್ಲೆಡೆ ಓಡುತ್ತಲೇ ಇತ್ತು.

ಹಾಗಾದರೆ ಬ್ಯಾನರ್ ಚಲನೆಗೆ ಬಳಸುತ್ತಿದ್ದ ಮತ್ತೊಂದು ಫಾರ್ಮ್ಯಾಟು ಫ್ಲ್ಯಾಶ್ ಗೆದ್ದದ್ದು ಸಾಮರ್ಥ್ಯದಿಂದಲೇ ಅಲ್ಲವೇ ಎಂಬ ಆಕ್ಷೇಪ ಸಹಜ. ವೆಕ್ಟರ್ ಚಿತ್ರ, ಧ್ವನಿ, ಸಂವಾದಾತ್ಮಕತೆಗಳನ್ನು ಪುಟ್ಟ ಕಡತದಲ್ಲಿ ಅಡಗಿಸುವ ಶಕ್ತಿ ಅದಕ್ಕಿತ್ತು, ನಿಜ. ಆದರೆ ಅದು ಓಡುತ್ತಿದ್ದದ್ದು ಬ್ರೌಸರಿನೊಳಗೆ ಪ್ಲಗಿನ್ ಇದ್ದಷ್ಟು ಕಾಲ ಮಾತ್ರ. 2007ರ ಐಫೋನ್ ಅದಕ್ಕೆ ಜಾಗ ಕೊಡಲಿಲ್ಲ. 2015ರ ಸೆಪ್ಟೆಂಬರಿನಿಂದ ಕ್ರೋಮ್ ಫ್ಲ್ಯಾಶ್ ಜಾಹೀರಾತುಗಳನ್ನು ತಡೆಹಿಡಿಯತೊಡಗಿತು. 2017ರ ಜನವರಿ 2ರಿಂದ ಗೂಗಲ್ ಜಾಹೀರಾತು ಜಾಲದಲ್ಲಿ ಅವು ನಿಂತೇಹೋದವು. ಈ ಯಾವ ದಿನಾಂಕದಲ್ಲೂ ಫ್ಲ್ಯಾಶ್‌ನ ಸಾಮರ್ಥ್ಯ ಕುಂದಿರಲಿಲ್ಲ. ಭದ್ರತಾ ಲೋಪ, ಬ್ಯಾಟರಿ ಬಳಕೆಯಂಥ ತಾಂತ್ರಿಕ ಕಾರಣಗಳೇ ಅನುಮತಿ ನಿರಾಕರಣೆಯ ಹಿಂದಿದ್ದವು ಎಂದು ಮತ್ತೊಬ್ಬರು ವಾದಿಸಬಹುದು. ಫ್ಲ್ಯಾಶ್ ಮಟ್ಟಿಗೆ ಆ ಮಾತು ಸರಿ. ಆದರೆ ಅಂಥ ದೋಷಗಳಿಲ್ಲದ ಎಪಿಎನ್‌ಜಿ ಏಕೆ ಕಾಯಬೇಕಾಯಿತು ಎಂಬುದಕ್ಕೆ ಆ ವಾದದಲ್ಲಿ ಉತ್ತರವಿಲ್ಲ.

ಇಂದಿನ ಆಯ್ಕೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. 728×90 ಅಳತೆಯ ಬ್ಯಾನರಿನ ಒಂದು ಫ್ರೇಮಿನಲ್ಲಿ 65,520 ಪಿಕ್ಸೆಲ್‌ಗಳಿವೆ. ಪಿಕ್ಸೆಲ್‌ಗೊಂದು ಬೈಟ್ ಎಂದರೆ ಸುಮಾರು 64 ಕೆಬಿ. ಗೂಗಲ್ ಆಡ್ಸ್ ಜಿಫ್‌ಗೆ ಕೊಡುವ ಮಿತಿ 150 ಕೆಬಿ. ಸಂಕೋಚನವಿಲ್ಲದೆ ಮೂರನೆಯ ಫ್ರೇಮೇ ಅದರಲ್ಲಿ ಹಿಡಿಯದು. ಒಂದೇ ಬಣ್ಣ ಸಾಲಾಗಿ ಮರುಕಳಿಸಿದಾಗ ಎಲ್‌ಝಡ್‌ಡಬ್ಲ್ಯು ಚೆನ್ನಾಗಿ ಕುಗ್ಗಿಸುತ್ತದೆ. ಬಣ್ಣದ ಚುಕ್ಕೆಗಳನ್ನು ಬೆರೆಸಿ ಛಾಯೆ ತೋರಿಸುವ ಡಿಥರಿಂಗ್ ಮಾಡಿದ ಛಾಯಾಚಿತ್ರದಲ್ಲಿ ಆ ಸಾಲುಗಳು ಒಡೆದುಹೋಗುತ್ತವೆ. ಹಾಗಾಗಿ ಸಪಾಟು ಬಣ್ಣದ, ಸಣ್ಣ ಭಾಗವಷ್ಟೇ ಬದಲಾಗುವ ವಿನ್ಯಾಸಕ್ಕೆ ಜಿಫ್ ಒಪ್ಪುತ್ತದೆ. ಛಾಯಾಚಿತ್ರ ಸರಿದಾಡಬೇಕಿದ್ದರೆ ಒಂದೇ ಜೆಪೆಗ್ ಚಿತ್ರವನ್ನು ಸಿಎಸ್‌ಎಸ್ ಮೂಲಕ ಚಲಿಸುವ ಎಚ್‌ಟಿಎಂಎಲ್5 ಮೇಲು. ಅಲ್ಲೂ ಲೆಕ್ಕವಿದೆ: ಜಿಫ್‌ನಲ್ಲಿ ಕನ್ನಡದ ಒತ್ತಕ್ಷರಗಳು ಚಿತ್ರವಾಗಿಯೇ ಹೋಗುತ್ತವೆ, ಎಚ್‌ಟಿಎಂಎಲ್5ನಲ್ಲಿ ನಮಗೆ ಬೇಕಾದ ಕನ್ನಡ ಫಾಂಟನ್ನು ಜೊತೆಗೆ ಕಳಿಸಿದರೆ ಅದರ ತೂಕವೂ ಸೇರುತ್ತದೆ. ನೆಟ್‌ಸ್ಕೇಪ್ ಕೊಟ್ಟ ಕೊನೆಯಿಲ್ಲದ ಸುತ್ತುವಿಕೆಯನ್ನೂ ಗೂಗಲ್ ನಿಯಮ 30 ಸೆಕೆಂಡಿಗೆ ನಿಲ್ಲಿಸುತ್ತದೆ.

ಆದ್ದರಿಂದ ವಿನ್ಯಾಸಕಾರರು ಮೊದಲು ಓದಬೇಕಾದದ್ದು ಬ್ಯಾನರ್ ಪ್ರಕಟವಾಗುವ ತಾಣದ ನಿಯಮಾವಳಿಯನ್ನು; ಫಾರ್ಮ್ಯಾಟಿನ ಗುಣಾವಗುಣಗಳ ತುಲನೆ ಅದರ ನಂತರದ್ದು. ಅನುಮತಿಗಳು ಮುಂದೆಯೂ ಬದಲಾಗುತ್ತವೆ. ಎಕ್ಸ್‌ಪೋರ್ಟ್ ಆದ ಕಡತದ ಜೊತೆಗೆ ಪದರಗಳಿರುವ ಮೂಲ ಕಡತವನ್ನೂ ಜೋಪಾನವಾಗಿಡುವವರು ಮಾತ್ರ ತಮ್ಮ ಕೆಲಸವನ್ನು ಮುಂದಿನ ಫಾರ್ಮ್ಯಾಟಿಗೆ ದಾಟಿಸಬಲ್ಲರು.