ಫಸಲಿ 1329ರ ಒಂದು ಕಾಯ್ದೆ

ರಾಯಚೂರಿನಿಂದ ರೈಲು ಹತ್ತಿ ಕೃಷ್ಣಾ ಹೊಳೆ ದಾಟುವಾಗ ಒಮ್ಮೊಮ್ಮೆ ಡಬ್ಬಿಯೊಳಗೆ ಚಪ್ಪಾಳೆಯ ಸದ್ದು ಕೇಳುತ್ತದೆ. ಕೇಳಿದ ಕೂಡಲೆ ಜನ ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಾರೆ. ಸುಳ್ಳು ಯಾಕೆ ಹೇಳಲಿ, ನಾನೂ ಎಷ್ಟೋ ವರ್ಷ ಹಾಗೆಯೇ ಕಣ್ಣು ಮುಚ್ಚಿದವನು.

ಆದರೆ ನಾನು ಸಣ್ಣವನಿದ್ದಾಗ ಹೀಗಿರಲಿಲ್ಲ. ತಲೆಯ ಮೇಲೆ ಎಲ್ಲಮ್ಮನ ಕೊಡ ಹೊತ್ತು, ಸೀರೆ ಉಟ್ಟು, ಚೌಡಿಕೆ ಬಾರಿಸುತ್ತ ಜೋಗಪ್ಪ ಬಂದರೆ ನಮ್ಮ ಅಜ್ಜಿ ಎದ್ದು ನಿಲ್ಲುತ್ತಿದ್ದಳು. "ತಾಯಿ ಬಂದಾಳ, ಜ್ವಾಳಾ ತಗೊಂಬಾ" ಎಂದು ನನ್ನನ್ನು ಒಳಗೆ ಓಡಿಸುತ್ತಿದ್ದಳು. ಮರದ ತುಂಬ ಜೋಳ ನೀಡಿ ಭಂಡಾರ ಹಚ್ಚಿಸಿಕೊಂಡು, ನನ್ನ ತಲೆಯನ್ನೂ ಬಗ್ಗಿಸುತ್ತಿದ್ದಳು. ಆಗ ನನಗೆ ಅಂಜಿಕೆಯೂ ಇರಲಿಲ್ಲ, ಹೇಸಿಗೆಯೂ ಇರಲಿಲ್ಲ. ಅವೆರಡೂ ಬಂದದ್ದು ಹೈಸ್ಕೂಲಿಗೆ ಹೋದ ಮೇಲೆ. ಗೆಳೆಯರಿಂದ, ಸಿನಿಮಾದಿಂದ, ಹುಡುಗರನ್ನು ಕದ್ದೊಯ್ಯುತ್ತಾರೆ ಎಂಬ ಮಾತಿನಿಂದ. ಈ ಕದ್ದೊಯ್ಯುವ ಮಾತು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1311ರಲ್ಲಿ ದೋರಸಮುದ್ರಕ್ಕೆ ದಂಡೆತ್ತಿ ಬಂದ ಮಲಿಕ್ ಕಾಫೂರನ ಪಾಠವನ್ನು ನಾವೆಲ್ಲ ಮಾಡಿದ್ದೇವೆ. ಅವನು ನಪುಂಸಕ ಗುಲಾಮನಾಗಿದ್ದು ಸೇನಾಪತಿಯಾದವನು. ದೆಹಲಿಯಲ್ಲೂ ನಮ್ಮ ದಖ್ಖನಿನಲ್ಲೂ ಅರಮನೆಯ ಜನಾನಾ ನೋಡಿಕೊಳ್ಳುತ್ತಿದ್ದವರು ಖ್ವಾಜಾಸರಾಗಳು. ಅವರ ಮಾತಿಗೆ ದರ್ಬಾರಿನಲ್ಲಿ ಬೆಲೆಯಿತ್ತು. (ಖ್ವಾಜಾಸರಾ ಬೇರೆ, ಹಿಜಡಾ ಬೇರೆ, ಜೋಗಪ್ಪ ಬೇರೆ. ಇವರನ್ನೆಲ್ಲ ಒಂದೇ ಚೀಲಕ್ಕೆ ತುಂಬಿದ್ದು ಆಮೇಲೆ ಬಂದವರು.) ಮರಾಠರ ಆಳ್ವಿಕೆಯಲ್ಲಿ ಪುಣೆಯ ಕಡೆ ಹಿಜಡಾಗಳಿಗೆ ಇನಾಮು ಜಮೀನು ಇತ್ತು. ಊರೂರಿನಿಂದ ಇಷ್ಟು ಕಾಳು, ಇಷ್ಟು ಕಾಸು ಎತ್ತುವ ಹಕ್ಕೂ ಇತ್ತು. ನಮ್ಮ ಕುಲಕರ್ಣಿ, ತಳವಾರರಿಗೆ ಇದ್ದಂತೆ ಅದೂ ಒಂದು ಹಕ್ಕು. ಅದನ್ನು ಭಿಕ್ಷೆ ಎಂದು ಯಾರೂ ಎಣಿಸಿರಲಿಲ್ಲ. ಹಾಗೆಂದು ಅದು ಸುವರ್ಣಯುಗ ಎಂದು ನಾನು ಹೇಳುವುದಿಲ್ಲ. ನಗುವವರು ಆಗಲೂ ನಕ್ಕಿರುತ್ತಾರೆ. ಆದರೆ ಊರಿನ ಲೆಕ್ಕದಲ್ಲಿ ಅವರಿಗೊಂದು ಜಾಗವಿತ್ತು. 1818ರಲ್ಲಿ ಪೇಶ್ವೆಯ ರಾಜ್ಯ ಕಂಪನಿಯ ಕೈಗೆ ಹೋಯಿತು. ಗುರುವಿನ ಹಕ್ಕನ್ನು ಚೇಲಾನಿಗೆ ದಾಟಿಸಲು ಹೊಸ ಸಾಹೇಬರು ಒಪ್ಪಲಿಲ್ಲ. ಹಕ್ಕು ಹೋದ ಮೇಲೆ ಉಳಿದದ್ದು ಕೈ ಚಾಚುವುದೊಂದೇ.

ಉತ್ತರದಲ್ಲಿ ಇದಕ್ಕಿಂತ ಕೆಟ್ಟದ್ದು ನಡೆಯಿತು. 1852ರಲ್ಲಿ ಮೈನ್‌ಪುರಿ ಜಿಲ್ಲೆಯಲ್ಲಿ ಭೂರಾ ಎಂಬ ಹಿಜಡಾಳ ಕೊಲೆಯಾಯಿತು. ಆ ಮೊಕದ್ದಮೆ ಹಿಡಿದುಕೊಂಡು ಇಂಗ್ಲಿಷ್ ಅಧಿಕಾರಿಗಳು ಹಿಜಡಾಗಳ ಜೀವನವನ್ನೇ ಕೆದಕಲು ಶುರುಮಾಡಿದರು. ನೋಡಿ, ಸತ್ತವಳು ಅವಳು, ಆರೋಪಿಗಳಾದದ್ದು ಅವಳ ಜನ! ಇವರು ಮಕ್ಕಳನ್ನು ಅಪಹರಿಸುವವರು, ರೋಗದಂತೆ ಹರಡುವವರು ಎಂಬ ಮಾತು ಕಚೇರಿಯ ಕಾಗದಗಳಲ್ಲಿ ಮತ್ತೆ ಮತ್ತೆ ಬಂತು. 1860ರಲ್ಲಿ ದಂಡಸಂಹಿತೆಯ 377ನೇ ಕಲಮು ಬಂತು. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಈ ಕಾಯ್ದೆಯಿಂದ ಅಲೆಮಾರಿ ಜನ ಹುಟ್ಟುಗಳ್ಳರೆನಿಸಿದ್ದು ಎಲ್ಲರಿಗೂ ಗೊತ್ತು. ಅದರ ಎರಡನೇ ಭಾಗ ಇವರ ಮೇಲಿತ್ತೆಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಆ ಭಾಗದಲ್ಲಿ ಇದ್ದದ್ದು ಇಷ್ಟು. ಸಂಶಯ ಬಂದವರ ಹೆಸರು, ಮನೆ, ಆಸ್ತಿ ರಿಜಿಸ್ಟರಿನಲ್ಲಿ ಬರೆಯಬೇಕು. ಕೃತ್ಯ ರುಜುವಾತಾಗಬೇಕಿಲ್ಲ, ಸಂಶಯ ಸಾಕು. ರಿಜಿಸ್ಟರಿನಲ್ಲಿರುವವರು ಹೆಂಗಸರ ಉಡುಪು, ಒಡವೆ ತೊಟ್ಟು ಬೀದಿಯಲ್ಲಿ ಕಂಡರೆ, ಇಲ್ಲವೆ ಬೀದಿಯಲ್ಲಿ ಕುಣಿದು ವಾದ್ಯ ನುಡಿಸಿದರೆ ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷದ ತನಕ ಸಜೆ. ಹದಿನಾರರೊಳಗಿನ ಹುಡುಗ ಅವರ ಜೊತೆ ವಾಸವಿದ್ದರೂ ಸಜೆ. ಉಯಿಲು ಬರೆಯುವಂತಿಲ್ಲ, ದತ್ತು ತೆಗೆದುಕೊಳ್ಳುವಂತಿಲ್ಲ. ಅಂದರೆ ಹೊಟ್ಟೆಪಾಡಿನ ಕುಣಿತವೇ ಅಪರಾಧ, ಚೇಲಾನನ್ನು ಸಾಕಿಕೊಳ್ಳುವುದೂ ಅಪರಾಧ. ಒಂದು ತಲೆಮಾರಿನಲ್ಲಿ ಈ ಜನ ಇಲ್ಲವಾಗಲಿ ಎಂಬ ಲೆಕ್ಕಾಚಾರ.

ಇದು ಬ್ರಿಟಿಷರ ಮುಲುಕಿನ ಮಾತು, ನಮಗೇನು ಅನ್ನಬೇಡಿ. ನಾವಿರುವ ಈ ಸೀಮೆ, ಆಚೆಯ ರಾಯಚೂರು, ಕಲಬುರಗಿ, ಬೀದರ, ಎಲ್ಲ ನಿಜಾಮನ ಸಂಸ್ಥಾನದಲ್ಲಿದ್ದವು. ಫಸಲಿ 1329ರಲ್ಲಿ ಹೈದರಾಬಾದಿನಲ್ಲಿ ಅಂಥದ್ದೇ ಕಾಯ್ದೆ ಬಂತು. (ಹಳೆಯ ಪಹಣಿ ನೋಡಿದವರಿಗೆ ಗೊತ್ತು, ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ. ಹಾಗೆ 1919.) ಅದೇ ರಿಜಿಸ್ಟರು, ಅದೇ ಸೀರೆ, ಅದೇ ಎರಡು ವರ್ಷ. ಖ್ವಾಜಾಸರಾಗಳಿಗೆ ಜನಾನಾದ ಬಾಗಿಲು ನಂಬಿ ಬಿಟ್ಟಿದ್ದ ದಖ್ಖನಿನಲ್ಲೇ ಇಂಥ ಕಾಯ್ದೆ!

1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1952ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ದೇಶದಲ್ಲೆಲ್ಲ ರದ್ದಾಯಿತು. 1956ರಲ್ಲಿ ರಾಜ್ಯಗಳು ಹಂಚಿಹೋದವು, ನಾವು ಹೊಳೆಯ ಈ ಕಡೆ ಉಳಿದೆವು. ಹೈದರಾಬಾದಿನ ಕಾಯ್ದೆ ಮಾತ್ರ ಪುಸ್ತಕದಲ್ಲೇ ಕೂತಿತ್ತು. 2014ರಲ್ಲಿ ಸುಪ್ರೀಂ ಕೋರ್ಟು ಇವರಿಗೂ ಎಲ್ಲರಂತೆ ಮೂಲಭೂತ ಹಕ್ಕುಗಳಿವೆ ಎಂದಿತು. ಒಪ್ಪಿಗೆಯಿಂದ ನಡೆವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರಲ್ಲಿ ಹೇಳಿತು. ಆಗಲೂ ಇದು ಇತ್ತು. 2023ರ ಜುಲೈನಲ್ಲಿ ತೆಲಂಗಾಣ ಹೈಕೋರ್ಟು ಸಂವಿಧಾನಕ್ಕೆ ವಿರುದ್ಧವೆಂದು ಅದನ್ನು ತೆಗೆದುಹಾಕಿತು. ನೂರ ನಾಲ್ಕು ವರ್ಷ.

ಆಚೆಯ ನಮ್ಮವರದ್ದನ್ನೂ ಹೇಳಬೇಕು. ಕರ್ನಾಟಕದಲ್ಲಿ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿದರು. ಹುಡುಗರನ್ನು ಅಪಹರಿಸುವ ಸಂಶಯವಿರುವ ಹಿಜಡಾಗಳ ರಿಜಿಸ್ಟರು ಇಡಬೇಕಂತೆ. 1871ರ ಮಾತನ್ನು 2011ರಲ್ಲಿ ಹೊಸದಾಗಿ ಬರೆದವರು ಯಾವ ಸಾಹೇಬರೂ ಅಲ್ಲ. ವಿರೋಧವಾದ ಮೇಲೆ 2016ರಲ್ಲಿ ಆ ಪದ ತೆಗೆದರು. ಅದೇ ಕರ್ನಾಟಕದಲ್ಲಿ 2019ರಲ್ಲಿ ಜೋಗತಿ ಮಂಜಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಆ ಚಿತ್ರ ಪೇಪರಿನಲ್ಲಿ ಬಂದ ದಿನ ನಮ್ಮ ಅಜ್ಜಿ ಇರಬೇಕಿತ್ತು ಅನ್ನಿಸಿತು.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಕಾಯ್ದೆ ಅವಳ ತನಕ ಬಂದಿರಲಿಲ್ಲ. ಟಿಸಿಎಚ್ ಮಾಡಿ, ಬಿಎ ಓದಿದ ನನ್ನ ತನಕ ಬಂದಿತ್ತು, ಕಾಯ್ದೆಯಾಗಿ ಅಲ್ಲ, ಅಂಜಿಕೆಯಾಗಿ.

ಹೋದ ವರ್ಷ ಎಂಟನೇ ತರಗತಿಗೆ ವಿರಾಟಪರ್ವದ ಕಥೆ ಹೇಳುತ್ತಿದ್ದೆ. ಬೃಹನ್ನಳೆ ಎಂದೊಡನೆ ಹಿಂದಿನ ಸಾಲಿನಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಎಲ್ಲರೂ ನಕ್ಕರು. ಬೈಯಬೇಕೆಂದವನು ಬೈಯಲಿಲ್ಲ. ಹಾಜರಿ ಪುಸ್ತಕ ಎತ್ತಿ ತೋರಿಸಿ, ಇಂಥ ಒಂದು ರಿಜಿಸ್ಟರು ಇತ್ತು ಎಂದು ಮೇಲಿನದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಗದ್ದಲವಿರಲಿಲ್ಲ. ಆಮೇಲೆ ಚಪ್ಪಾಳೆ ತಟ್ಟಿದವನೇ ಎದ್ದು ನಿಂತ.

"ಸರ್, ಹಂಗಾದ್ರ ನಿಜಾಮನ ಪೊಲೀಸ್ರು ಬೃಹನ್ನಳೆನ್ನೂ ಹಿಡೀತಿದ್ರಾ?"

"ಹಿಡೀತಿದ್ರಪ್ಪ" ಎಂದೆ. "ಸೀರಿ ಉಟ್ಟಿದ್ದಕ್ಕ ಒಮ್ಮಿ, ಕುಣಿದದ್ದಕ್ಕ ಇನ್ನೊಮ್ಮಿ."

"ಮತ್ತ ಉತ್ತರಕುಮಾರನ ರಥಾ ಯಾರು ಹೊಡೀಬೇಕು ಸರ್?"