ದ್ರೋಣನ ಹೆಸರಿನ ಪ್ರಶಸ್ತಿ, ನಮ್ಮವರಿಗೆ ಸಿಗದ ಸರ್ಟಿಫಿಕೇಟು



"ಆಟ ಗೊತ್ತಿದ್ರೆ ಸಾಕು, ಕೋಚ್ ಆಗೋಕೆ ಸರ್ಟಿಫಿಕೇಟ್ ಯಾಕೆ?" ಅನ್ನೋರು ನಮ್ಮಲ್ಲೂ ಇದ್ದಾರೆ. ಅವರು ಪಲ್ವಾಂಕರ್ ಬಾಲೂ ಅವರ ಬದುಕನ್ನ ಒಮ್ಮೆ ನೋಡಬೇಕು.

ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರ ಕುಟುಂಬದಲ್ಲಿ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳ. ಪಿಚ್ ಉರುಳಿಸೋದು, ನೆಟ್ ಕಟ್ಟೋದು, ಆಮೇಲೆ ಸಾಹೇಬರಿಗೆ ಗಂಟೆಗಟ್ಟಲೆ ಚೆಂಡು ಎಸೆಯೋದು. ಗ್ರೆಗ್‌ನಂಥ ದೊಡ್ಡ ಆಟಗಾರ ಪಳಗಿದ್ದು ಇವರ ಎಸೆತಕ್ಕೆ ಆಡಿ ಆಡಿ. ಈಗ ನಾವು ಕೋಚಿಂಗ್ ಅನ್ನೋ ಕೆಲಸದ ದೊಡ್ಡ ಪಾಲು ಅದೇ ತಾನೇ? ಆದರೆ ಅವರ ಕೈಗೆ ಬ್ಯಾಟ್ ಕೊಡ್ತಿರಲಿಲ್ಲ. ಮುಂದೆ ಹಿಂದೂಗಳ ತಂಡಕ್ಕೆ ಸೇರಿಸಿಕೊಂಡರು, ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅದು ದಕ್ಕಿದ್ದು ತಮ್ಮ ವಿಠ್ಠಲನಿಗೆ, 1923ರಲ್ಲಿ. (1937ರ ಚುನಾವಣೆಯಲ್ಲಿ ಇದೇ ಬಾಲೂ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರು ನಿಂತು ಸೋತರು. ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೀತೀನಿ.)

ಲಿಖಿತ ಮಾನದಂಡ ಇಲ್ಲದ ಕಡೆ ಜಾತಿಯೇ ಮಾನದಂಡ. ಅದಕ್ಕೇ ನಾನು ಸರ್ಟಿಫಿಕೇಟಿನ ಪರ.

ಸ್ವಾತಂತ್ರ್ಯದ ನಂತರ 1953ರಲ್ಲಿ ರಾಜಕುಮಾರಿ ಅಮೃತ್ ಕೌರ್ ಹೆಸರಿನ ತರಬೇತಿ ಯೋಜನೆ ಬಂತು. 1961ರಲ್ಲಿ ಪಟಿಯಾಲದ ಮೋತಿಬಾಗ್ ಅರಮನೆಯಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎನ್‌ಐಎಸ್ ಶುರುವಾಯ್ತು. ಮಹಾರಾಜರ ಅರಮನೆ ಕೋಚ್‌ಗಳ ಶಾಲೆಯಾಯ್ತು, ಒಳ್ಳೆಯದೇ. "ಎನ್‌ಐಎಸ್ ಆಗಿದೆಯಾ?" ಅನ್ನೋದು ಮೈದಾನಗಳಲ್ಲಿ ಕೋಚ್‌ಗೆ ಕೇಳುವ ಮೊದಲ ಪ್ರಶ್ನೆಯಾಯ್ತು. ಬೆಂಗಳೂರಿನ ಸಾಯ್ ಕೇಂದ್ರದಲ್ಲೂ ಡಿಪ್ಲೊಮಾ ಓದಬಹುದು.

ಆದರೆ ಬಾಗಿಲು ಯಾರಿಗೆ ತೆರೆದಿತ್ತು? ಡಿಗ್ರಿ ಬೇಕು, ಜೊತೆಗೆ ದೊಡ್ಡ ಮಟ್ಟದಲ್ಲಿ ಆಡಿರಬೇಕು. ಅಂತರರಾಷ್ಟ್ರೀಯ ಪದಕ ಗೆದ್ದವರಿಗೆ ಓದಿನಲ್ಲಿ ವಿನಾಯಿತಿ ಉಂಟು. ಕೇರಿಯಲ್ಲಿ ಮೂವತ್ತು ವರ್ಷ ಹುಡುಗರನ್ನ ತಯಾರು ಮಾಡಿದವನಿಗೆ ಇಲ್ಲ. ಇದೇ ಸಂಸ್ಥೆಯಲ್ಲಿ ಹಾಕಿಯ ಮುಖ್ಯ ಕೋಚ್ ಆಗಿದ್ದ ಧ್ಯಾನ್ ಚಂದ್ ಶಾಲೆಗೆ ಹೋಗಿದ್ದು ಬರೀ ಆರು ವರ್ಷ! ಕಲಿಸೋಕೆ ಅಷ್ಟು ಓದು ಸಾಕಾಗಿತ್ತು.

ನಮ್ಮ ಕೇರಿಯ ಕಬಡ್ಡಿ ಅಣ್ಣ ಒಬ್ಬರಿದ್ದರು. ಅವರ ಕೈಯಲ್ಲಿ ಕಲಿತವರು ಪೊಲೀಸ್ ಕೆಲಸಕ್ಕೆ ಸೇರಿದರು, ರೈಲ್ವೆಗೆ ಸೇರಿದರು. ಅಣ್ಣ ಮಾತ್ರ ಕೊನೆತನಕ ಗಾರೆ ಕೆಲಸದಲ್ಲೇ ಉಳಿದರು. ಅವರ ಮೂವತ್ತು ವರ್ಷವನ್ನ ಅಳೆಯುವ ಪರೀಕ್ಷೆಯನ್ನ ಯಾರೂ ಇಡಲಿಲ್ಲ. ದುಡಿದು ಕಲಿತದ್ದನ್ನೂ ಪರೀಕ್ಷಿಸಿ ದರ್ಜೆ ಕೊಡಿ ಅನ್ನೋದು ನನ್ನ ಬೇಡಿಕೆ. ಸುಮ್ಮನೆ ಸರ್ಟಿಫಿಕೇಟ್ ಹಂಚಿ ಅಂತಲ್ಲ.

1985ರಿಂದ ಕೇಂದ್ರ ಸರ್ಕಾರ ಶ್ರೇಷ್ಠ ಕೋಚ್‌ಗಳಿಗೆ ಕೊಡೋ ಪ್ರಶಸ್ತಿ ದ್ರೋಣಾಚಾರ್ಯನ ಹೆಸರಲ್ಲಿದೆ. ಪಿ.ಟಿ. ಉಷಾರನ್ನ ಬೆಳೆಸಿದ ನಂಬಿಯಾರ್‌ಗೆ ಮೊದಲ ವರ್ಷವೇ ಬಂತು, ಅರ್ಹರೇ. ಹೆಸರಿನ ಬಗ್ಗೆ ಮಾತ್ರ ನನ್ನ ತಕರಾರು. ಹೆಬ್ಬೆರಳು ಕೇಳಿ ಪಡೆದವನು ಗುರುಗಳಿಗೆ ಮಾದರಿಯಂತೆ! ನಮ್ಮ ಕರ್ನಾಟಕ ಸರ್ಕಾರ ಆಟಗಾರರಿಗೆ ಏಕಲವ್ಯ ಪ್ರಶಸ್ತಿ ಕೊಡುತ್ತೆ. ಅಷ್ಟಾದರೂ ಆಯ್ತಲ್ಲ.

ನಿಮ್ಮ ಹಾಸ್ಟೆಲ್‌ಗಳಲ್ಲಿ ಡಿಗ್ರಿ ಮುಗಿಸಿ ಒಳ್ಳೇ ಮಟ್ಟದಲ್ಲಿ ಆಡಿದ ಹುಡುಗ ಹುಡುಗಿಯರಿದ್ದರೆ ಈ ಡಿಪ್ಲೊಮಾ ಬಗ್ಗೆ ಹೇಳಿ. ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಅರ್ಜಿ ತುಂಬೋಕೆ ಗೊತ್ತಾಗದಿದ್ರೆ ಇನ್‌ಬಾಕ್ಸಿಗೆ ಬನ್ನಿ, ಕೂತು ತುಂಬೋಣ.