ಗೇಮ್‌ಬಾಯ್‌ಗೆ ದೀಪ ಹಾಕಿದವರು

1989ರ ಏಪ್ರಿಲ್ 21ರಂದು ಜಪಾನಿನ ಅಂಗಡಿಗಳಿಗೆ ಬಂದ ನಿಂಟೆಂಡೊ ಗೇಮ್‌ಬಾಯ್‌ನಲ್ಲಿ ಬಣ್ಣವಿರಲಿಲ್ಲ, ಪರದೆಗೆ ದೀಪವೂ ಇರಲಿಲ್ಲ. ಪಾಚಿ ಬಣ್ಣದ ಪುಟ್ಟ ಪರದೆ, ಅಗಲಕ್ಕೆ 160 ಚುಕ್ಕಿ, ಎತ್ತರಕ್ಕೆ 144, ಒಟ್ಟು ನಾಲ್ಕೇ ಛಾಯೆ. ಸಂಜೆಯಾದರೆ ಆಟ ಬಂದ್. ಹಾಗಂತ ಅದನ್ನು ಮಾಡಿದವರಿಗೆ ದೀಪ ಹಾಕಲು ಬರುತ್ತಿರಲಿಲ್ಲ ಎಂದಲ್ಲ. ಗುನ್‌ಪೆಯ್ ಯೊಕೊಯ್ ಮತ್ತು ಅವರ ತಂಡ ಲೆಕ್ಕ ಹಾಕಿಯೇ ದೀಪವನ್ನು ಬಿಟ್ಟಿತ್ತು. ಹೊಸ, ದುಬಾರಿ ತಂತ್ರಜ್ಞಾನದ ಹಿಂದೆ ಓಡುವುದಕ್ಕಿಂತ, ಹಳತಾಗಿ ಅಗ್ಗವಾದದ್ದನ್ನೇ ಹೊಸ ರೀತಿಯಲ್ಲಿ ಬಳಸಬೇಕು ಎಂಬುದು ಯೊಕೊಯ್ ಅವರ ಸಿದ್ಧಾಂತ. ದೀಪವಿಲ್ಲದ್ದರಿಂದ ನಾಲ್ಕು ಎಎ ಸೆಲ್‌ಗಳಲ್ಲಿ ಹತ್ತು ಹದಿನೈದು ಗಂಟೆ ಆರಾಮಾಗಿ ಆಡಬಹುದಿತ್ತು.

ದೀಪ ಹಾಕಿದವರ ಗತಿ ಏನಾಯಿತು ಎಂಬುದಕ್ಕೂ ಪುರಾವೆ ಇದೆ. ಅದೇ ವರ್ಷ ಬಂದ ಅಟಾರಿ ಲಿಂಕ್ಸ್, ಮರುವರ್ಷ ಬಂದ ಸೆಗಾ ಗೇಮ್ ಗೇರ್, ಎರಡಕ್ಕೂ ಬಣ್ಣದ ಪರದೆ, ಹಿಂದೆ ದೀಪ. ಗೇಮ್ ಗೇರ್‌ಗೆ ಆರು ಸೆಲ್ ಹಾಕಿದರೆ ಮೂರರಿಂದ ಐದು ಗಂಟೆ, ಅಷ್ಟೇ. ನೋಡಲು ಅವೇ ಚೆಂದ. ಮಾರಾಟದಲ್ಲಿ ಗೆದ್ದದ್ದು ಮಾತ್ರ ಪಾಚಿ ಪರದೆ. ಗೇಮ್‌ಬಾಯ್ ಮತ್ತು ಅದರ ಬಣ್ಣದ ತಮ್ಮ ಗೇಮ್‌ಬಾಯ್ ಕಲರ್ ಸೇರಿ 11 ಕೋಟಿಗೂ ಹೆಚ್ಚು ಬಿಕರಿಯಾದವು.

ಈ ಕಥೆ ನನಗೆ ಬಾಯಿಪಾಠ. ನಾನಿರುವುದು ಬ್ರಿಸ್ಬೇನಿನ ತೆಂಕಣ ಭಾಗದ ರನ್‌ಕಾರ್ನ್‌ನಲ್ಲಿ, ಬೀನ್‌ಲೀ ರೈಲು ಮಾರ್ಗದ ಮೇಲೆ. ವಾರವೆಲ್ಲ ಆಫೀಸು, ಶನಿವಾರ ಬಂತೆಂದರೆ ಊಟದ ಮೇಜಿನ ಮೇಲೆ ಬಿಚ್ಚಿಟ್ಟ ಗೇಮ್‌ಬಾಯ್‌ಗಳು. ಸನ್ನಿಬ್ಯಾಂಕ್, ಕುರಾಬಿ ಕಡೆಯ ಕನ್ನಡದ ಮನೆಗಳ ಹುಡುಗರು ಹಳೆಯ ಯಂತ್ರ ಹಿಡಿದು ಬರುತ್ತಾರೆ. "ಆಂಟಿ, ಇದಕ್ಕೆ ಐಪಿಎಸ್ ಸ್ಕ್ರೀನ್ ಹಾಕಿಕೊಡ್ತೀರಾ? ಟೈಪ್-ಸಿ ಚಾರ್ಜಿಂಗೂ ಬೇಕು, ಹೊಸ ಶೆಲ್ಲೂ ಬೇಕು." ಹಿಂದೆ ನಿಂತ ತಾಯಿಯದು ಬೇರೆ ಪ್ರಶ್ನೆ: "ಇದ್ರಲ್ಲಿ ನಿಜವಾಗ್ಲೂ ಬೇಕಾಗಿರೋದು ಯಾವುದು ಹೇಳಿ ಅಕ್ಕಾ." ಆ ತಾಯಿಗೆ ಉತ್ತರ ಕೊಡಬೇಕಾದರೆ ಚರಿತ್ರೆಯನ್ನೇ ಹೇಳಬೇಕು. ಈ ಯಂತ್ರಗಳ ಒಂದೊಂದು ಆಕ್ಸೆಸರಿಯೂ ಯಾರೋ ಬೇಕೆಂದೇ ಬಿಟ್ಟ ಒಂದು ಕೊರತೆಗೆ ಹಾಕಿದ ತೇಪೆ. ಆ ಕೊರತೆ ನಿಮ್ಮನ್ನು ಕಾಡುತ್ತಿದ್ದರೆ ಮಾತ್ರ ತೇಪೆ ಬೇಕು.

ನಾನು ಬೆಳೆದ ದಾವಣಗೆರೆಯಲ್ಲಿ ತೊಂಬತ್ತರ ದಶಕದಲ್ಲಿ ಅಸಲಿ ಗೇಮ್‌ಬಾಯ್ ಕಂಡವರು ಕಡಿಮೆ. ನಮಗೆ ಸಿಕ್ಕಿದ್ದು ಬ್ರಿಕ್ ಗೇಮ್. ದುಗ್ಗಮ್ಮನ ಜಾತ್ರೆಯ ಆಟಿಕೆ ಅಂಗಡಿಗಳಲ್ಲಿ ಸಾಲಾಗಿ ತೂಗುಹಾಕಿರುತ್ತಿದ್ದರು. ಮೇಲೆ "9999 ಇನ್ 1" ಎಂದು ಬರೆದಿರುತ್ತಿತ್ತು, ಒಳಗಿದ್ದದ್ದು ಬೆರಳೆಣಿಕೆಯ ಆಟ. ಅದಕ್ಕೆ ಆಕ್ಸೆಸರಿ ಅಂತ ಇದ್ದದ್ದು ರಬ್ಬರ್ ಬ್ಯಾಂಡ್ ಒಂದೇ, ಸೆಲ್ ಮುಚ್ಚಳ ಕಳೆದುಹೋದ ಮೇಲೆ ಕಟ್ಟಲು. ಸೆಲ್ ಇಳಿದರೆ ತೆಗೆದು ಕಿಟಕಿಯ ಬಿಸಿಲಿಗಿಡುತ್ತಿದ್ದೆವು. ಬಿಸಿಯಾದಾಗ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗಿ ಇನ್ನೊಂದಿಷ್ಟು ಹೊತ್ತು ನಡೆಯುತ್ತಿತ್ತು. ಸೆಲ್ಲಿನ ಖರ್ಚೇ ಆಟದ ಮಿತಿ ಎಂಬುದು ಕ್ಯೋಟೋದಲ್ಲಿ ಕೂತ ಯೊಕೊಯ್‌ಗೂ ಗೊತ್ತಿತ್ತು, ದಾವಣಗೆರೆಯ ನಮ್ಮಮ್ಮನಿಗೂ ಗೊತ್ತಿತ್ತು.

ಆಸ್ಟ್ರೇಲಿಯಾದಲ್ಲಿ ಮೊದಮೊದಲು ನಿಂಟೆಂಡೊ ಸಾಮಾನು ಹಂಚುತ್ತಿದ್ದದ್ದು ಮಟೆಲ್ ಕಂಪನಿ. 1994ರಲ್ಲಿ ನಿಂಟೆಂಡೊ ತನ್ನದೇ ಶಾಖೆಯನ್ನು ಇಲ್ಲಿ ತೆರೆಯಿತು. ಅಷ್ಟರೊಳಗೆ ದೀಪದ ಕೊರತೆಗೆ ಮೊದಲ ತೇಪೆಗಳು ಬಂದಾಗಿತ್ತು. ವಿಕ್ ಟೊಕಾಯ್ ಕಂಪನಿಯ ಲೈಟ್ ಬಾಯ್, ಭೂತಗನ್ನಡಿ ಮತ್ತು ದೀಪ ಎರಡೂ ಇರುವ ಟೊಪ್ಪಿಗೆಯಂಥ ವಸ್ತು. ಪರದೆಯ ಮೇಲೆ ಸಿಕ್ಕಿಸಬೇಕು. ಹ್ಯಾಂಡಿ ಬಾಯ್ ಇನ್ನೂ ಒಂದು ಹೆಜ್ಜೆ ಮುಂದೆ: ಭೂತಗನ್ನಡಿ, ದೀಪ, ಎರಡು ಬದಿಗೆ ಸ್ಪೀಕರ್, ಬಟನ್ ಮೇಲೆ ಕೂರುವ ಜಾಯ್‌ಸ್ಟಿಕ್. ಎಲ್ಲವನ್ನೂ ಸಿಕ್ಕಿಸಿದ ಮೇಲೆ ಜೇಬಿಗೆ ಹಾಕಿಕೊಳ್ಳಲೆಂದು ಮಾಡಿದ ಯಂತ್ರ ಚೀಲ ಕೇಳುತ್ತಿತ್ತು. ಇವೆಲ್ಲ ಈಗ ಸಿಗುವುದು ಗ್ಯಾರೇಜ್ ಸೇಲ್‌ಗಳಲ್ಲಿ, ಆಪ್‌ಶಾಪ್‌ಗಳಲ್ಲಿ, ಇಲ್ಲವೇ 1984ರಲ್ಲಿ ಪರ್ತ್‌ನಲ್ಲಿ ಶುರುವಾಗಿ ದೇಶವೆಲ್ಲ ಹರಡಿದ ಕ್ಯಾಶ್ ಕನ್ವರ್ಟರ್ಸ್‌ನಂಥ ಸೆಕೆಂಡ್‌ಹ್ಯಾಂಡ್ ಅಂಗಡಿಗಳ ಗಾಜಿನ ಕಪಾಟಿನಲ್ಲಿ. ಕೊಳ್ಳುವಾಗ ನಾನು ಮೊದಲು ನೋಡುವುದು ಸೆಲ್ ಹಾಕುವ ಜಾಗ. ದೀಪದ ಡಬ್ಬಿಯೊಳಗೆ ಸೆಲ್ ಮರೆತು ಅಟ್ಟಕ್ಕೆ ಹಾಕಿದವರೇ ಹೆಚ್ಚು.

ಎಲ್ಲ ಆಕ್ಸೆಸರಿಯೂ ಹೊರಗಿನವರ ತೇಪೆಯಲ್ಲ. ಎರಡು ಗೇಮ್‌ಬಾಯ್ ಜೋಡಿಸುವ ಲಿಂಕ್ ಕೇಬಲ್ ಮೊದಲ ದಿನದಿಂದಲೂ ಯೋಜನೆಯಲ್ಲೇ ಇತ್ತು. ಟೆಟ್ರಿಸ್‌ನಲ್ಲಿ ಇಬ್ಬರು ಎದುರುಬದುರು ಆಡಬಹುದಿತ್ತು. ಅದರ ನಿಜವಾದ ಬೆಲೆ ತಿಳಿದದ್ದು ಪೋಕೆಮಾನ್ ಬಂದ ಮೇಲೆ. ಜಪಾನಿನಲ್ಲಿ 1996ರಲ್ಲಿ, ಆಸ್ಟ್ರೇಲಿಯಾದಲ್ಲಿ 1998ರಲ್ಲಿ. ಆಟದ ಎರಡು ಆವೃತ್ತಿಗಳಲ್ಲಿ ಕೆಲವು ಪ್ರಾಣಿಗಳು ರೆಡ್‌ನಲ್ಲಿ ಮಾತ್ರ, ಕೆಲವು ಬ್ಲೂನಲ್ಲಿ ಮಾತ್ರ. ಎಲ್ಲವನ್ನೂ ಕೂಡಿಸಬೇಕೆಂದರೆ ಗೆಳೆಯನ ಯಂತ್ರಕ್ಕೆ ತಂತಿ ಹಾಕಲೇಬೇಕು. ಆದರೆ 1996ರ ಗೇಮ್‌ಬಾಯ್ ಪಾಕೆಟ್‌ನಲ್ಲಿ ಆ ತಂತಿಯ ಸಾಕೆಟ್ಟನ್ನೇ ಚಿಕ್ಕದು ಮಾಡಿದ್ದರು. ಹಳೆಯದಕ್ಕೂ ಹೊಸದಕ್ಕೂ ನಡುವೆ ಅಡಾಪ್ಟರ್ ಬೇಕು. ಇಂದಿಗೂ ಕೇಬಲ್ ಕೊಳ್ಳುವವರು ಎಡವುವುದು ಇಲ್ಲೇ: ಯಂತ್ರದ ಮಾದರಿ ನೋಡದೆ "ಗೇಮ್‌ಬಾಯ್ ಕೇಬಲ್" ಎಂದು ತರಿಸಿಬಿಡುತ್ತಾರೆ. ಗೇಮ್‌ಬಾಯ್ ಕಲರ್ ಬಂದಾಗ ನೈಕೊ ಕಂಪನಿಯವರು ಇದೇ ಸಾಕೆಟ್ಟಿಗೆ ಹುಳದಂತೆ ಬಾಗುವ ಪುಟ್ಟ ದೀಪ ಮಾಡಿದರು, ಹೆಸರು ವರ್ಮ್ ಲೈಟ್. ಬೇರೆ ಸೆಲ್ ಬೇಡ, ಯಂತ್ರದಿಂದಲೇ ಕರೆಂಟ್. ಹೊರಗಿನಿಂದ ಹಾಕುವ ದೀಪಗಳಲ್ಲಿ ನನಗೆ ಈಗಲೂ ಇದೇ ಇಷ್ಟ.

2001ರ ಗೇಮ್‌ಬಾಯ್ ಅಡ್ವಾನ್ಸ್ 32 ಬಿಟ್‌ನ ಬಲಶಾಲಿ ಯಂತ್ರ, ಪರದೆ ಮಾತ್ರ ಮತ್ತೆ ಕತ್ತಲೆ. ಬಣ್ಣದ ಆಟಗಳು ದೀಪವಿಲ್ಲದ ಪರದೆಯಲ್ಲಿ ಪಾಚಿ ಪರದೆಯಷ್ಟೂ ಕಾಣುತ್ತಿರಲಿಲ್ಲ. ಆಗ ಆಡುವವರ ತಾಳ್ಮೆ ತಪ್ಪಿತು. 2002ರಲ್ಲಿ ಟ್ರೈಟನ್ ಲ್ಯಾಬ್ಸ್ ಎಂಬ ಅಮೆರಿಕದ ಸಂಸ್ಥೆ ಆಫ್ಟರ್‌ಬರ್ನರ್ ಎಂಬ ಕಿಟ್ ಮಾರಿತು. ಯಂತ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಕೆತ್ತಿ, ಧೂಳು ಗುಳ್ಳೆ ಬಾರದಂತೆ ಪರದೆಯ ಮೇಲೆ ಹಾಳೆ ಅಂಟಿಸಿ, ತಂತಿ ಬೆಸೆಯಬೇಕು. ಗಿರಾಕಿಗಳು ತಮ್ಮ ಹೊಸ ಯಂತ್ರವನ್ನು ತಾವೇ ಕೊಯ್ದು ಸರಿಮಾಡಿಕೊಳ್ಳುವ ಪದ್ಧತಿಗೆ ದೊಡ್ಡ ಪ್ರಚಾರ ಸಿಕ್ಕಿದ್ದು ಇದರಿಂದ. ಮರುವರ್ಷವೇ ನಿಂಟೆಂಡೊ ದೀಪವಿರುವ, ಮಡಚುವ, ಚಾರ್ಜ್ ಆಗುವ ಎಸ್‌ಪಿ ಮಾದರಿ ತಂದಿತು, ತರುವಾಗ ಇಯರ್‌ಫೋನ್ ತೂತನ್ನೇ ಕೈಬಿಟ್ಟಿತು. ಅದಕ್ಕೆ ಬೇರೆ ಅಡಾಪ್ಟರ್, ಬೇರೆ ದುಡ್ಡು. ಒಂದು ಕೊರತೆ ಮುಚ್ಚಿ ಇನ್ನೊಂದನ್ನು ತೆರೆಯುವುದು ಈ ವ್ಯಾಪಾರದ ಹಳೆಯ ಚಾಳಿ.

ಇದೇ ಅಡ್ವಾನ್ಸ್‌ಗಾಗಿ ಬ್ರಿಸ್ಬೇನಿನಲ್ಲೇ ಆಟಗಳು ತಯಾರಾದವು ಎಂದರೆ ಹುಡುಗರು ನಂಬುವುದಿಲ್ಲ. 2010ರಲ್ಲಿ ಫ್ರೂಟ್ ನಿಂಜಾ ಮಾಡಿ ಜಗತ್ತಿಗೆಲ್ಲ ಹೆಸರಾದ ಹಾಫ್‌ಬ್ರಿಕ್ ಸ್ಟುಡಿಯೋಸ್ ಈ ಊರಿನದು, ಶುರುವಾದದ್ದು 2001ರಲ್ಲಿ. ಇದೇ ಊರಿನ ಕ್ರೋಮ್ ಸ್ಟುಡಿಯೋಸ್‌ನ ಟೈ ಎಂಬ ಟಾಸ್ಮೇನಿಯನ್ ಹುಲಿಯ ಎರಡನೆಯ ಆಟದ ಅಡ್ವಾನ್ಸ್ ಆವೃತ್ತಿ ಮಾಡಿದ್ದು ಹಾಫ್‌ಬ್ರಿಕ್‌ನವರೇ. ಆ ಕ್ಯಾಟ್ರಿಜ್ ಸಿಕ್ಕರೆ ಬಿಡಬೇಡಿ ಎನ್ನುತ್ತೇನೆ. ಬಣ್ಣದ ಶೆಲ್ ಯಾವಾಗ ಬೇಕಾದರೂ ಸಿಗುತ್ತದೆ.

ಕಾಲ ಕೊಂದ ಆಕ್ಸೆಸರಿಗಳೂ ಇವೆ. ಗೇಮ್ ಗೇರ್‌ಗೆ ಟಿವಿ ಟ್ಯೂನರ್ ಇತ್ತು, ಸಿಕ್ಕಿಸಿ ಆಂಟೆನಾ ಎಳೆದರೆ ಕೈಯಲ್ಲೇ ಟಿವಿ. 2013ರಲ್ಲಿ ಆಸ್ಟ್ರೇಲಿಯಾ ಅನಲಾಗ್ ಪ್ರಸಾರವನ್ನು ಪೂರ್ತಿ ನಿಲ್ಲಿಸಿದ ಮೇಲೆ ಅದರಲ್ಲಿ ಬರುವುದು ಬರೀ ಮಳೆ. ಅದನ್ನು "ಅಪರೂಪದ್ದು" ಎಂದು ದುಬಾರಿಗೆ ಕೊಂಡರೆ ಕಪಾಟಿಗೆ ಕೊಂಡ ಹಾಗೆ. ಗೇಮ್ ಗೇರ್‌ಗೆ ದುಡ್ಡು ಹಾಕುವುದಾದರೆ ಒಳಗಿನ ಕೆಪಾಸಿಟರ್‌ಗಳಿಗೆ ಹಾಕಿ; ಅವು ಸೋರಿ ದನಿ ಕ್ಷೀಣಿಸುವುದು, ಚಿತ್ರ ಮಂಕಾಗುವುದು ಆ ಯಂತ್ರದ ಹುಟ್ಟುಗುಣ.

ಈಗಿನ ತೇಪೆಗಳಿಗೆ ಬರೋಣ. ಚೀನಾದಿಂದ ಬರುವ ಐಪಿಎಸ್ ಪರದೆಯ ಕಿಟ್‌ಗಳು ಕಣ್ಣು ಕೋರೈಸುತ್ತವೆ, ಯಾವ ಕೋನದಿಂದ ನೋಡಿದರೂ ಸ್ಪಷ್ಟ. ಬೆಲೆ ಏನೆಂದರೆ, ಅವು ಕರೆಂಟ್ ಎಳೆಯುವುದು ಹೆಚ್ಚು. ಸೆಲ್ ಬೇಗ ಇಳಿಯುತ್ತದೆ, ಕೆಲವು ಯಂತ್ರಗಳಲ್ಲಿ ಸ್ಪೀಕರಿನಿಂದ ಸಣ್ಣ ಗುಂಯ್ ಸದ್ದು ಶುರುವಾಗುತ್ತದೆ. ಯೊಕೊಯ್ ತೂಗಿ ಬಿಟ್ಟ ದೀಪವನ್ನು ನಾವು ಹಾಕಿದ ಕೂಡಲೇ ಅವರು ಉಳಿಸಿದ ಗಂಟೆಗಳೂ ಹೋಗುತ್ತವೆ. ಆಮೇಲೆ ಆ ಗಂಟೆಗಳಿಗಾಗಿ ಚಾರ್ಜ್ ಆಗುವ ಬ್ಯಾಟರಿಯ ಕಿಟ್. ಕಿಟ್ ಆರಿಸುವಾಗ ಎರಡೇ ವಿಷಯ ನೋಡಿ: ಶೆಲ್ ಕೊಯ್ಯದೆ ಕೂರುತ್ತದೆಯೇ, ನಿಮ್ಮ ಬೋರ್ಡಿಗೆ ಹೊಂದುತ್ತದೆಯೇ. ಅಡ್ವಾನ್ಸ್‌ನಲ್ಲಿ ಪರದೆಯ ಕನೆಕ್ಟರ್ 32 ಪಿನ್ನಿನದೂ ಇದೆ, 40 ಪಿನ್ನಿನದೂ ಇದೆ. ಕೇಬಲ್ ತಪ್ಪಿದರೆ ಕೆಲಸ ನಿಂತಂತೆ.

ಕಿಟ್ ತರಿಸುವ ಮುನ್ನ ಯಂತ್ರವನ್ನೊಮ್ಮೆ ಬಿಚ್ಚಿ ನೋಡಬೇಕು. ನಿಂಟೆಂಡೊ ಶೆಲ್ಲಿನ ಸ್ಕ್ರೂಗೆ ಮೂರು ಎಸಳಿನ ತಲೆ. ಮನೆಯ ಮಾಮೂಲಿ ಸ್ಕ್ರೂಡ್ರೈವರ್ ಆಗದು. ನನ್ನ ಪ್ರಕಾರ ಕೊಳ್ಳಬೇಕಾದ ಮೊದಲ ಆಕ್ಸೆಸರಿ ಈ ಟ್ರೈ-ವಿಂಗ್ ಡ್ರೈವರ್. ಸೆಲ್ ಜಾಗದ ಸ್ಪ್ರಿಂಗಿನ ಮೇಲೆ ಬಿಳಿ, ನೀಲಿ-ಹಸಿರು ಹಿಟ್ಟು ಕಂಡರೆ ಅದು ಸೋರಿದ ಆಲ್ಕಲೈನ್. ಕ್ಷಾರಕ್ಕೆ ಹುಳಿಯೇ ಮದ್ದು: ಹತ್ತಿಕಡ್ಡಿಗೆ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಉಜ್ಜಿದರೆ ಸಣ್ಣಗೆ ನೊರೆ ಎದ್ದು ಲೋಹ ಕಾಣುತ್ತದೆ, ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬೇಕು. ಪವರ್ ಸ್ವಿಚ್ಚಿಗೂ ಅದೇ ಆಲ್ಕೋಹಾಲ್ ಹಾಕಿ ಹತ್ತಾರು ಸಲ ಆಚೀಚೆ ಆಡಿಸಿದರೆ, ಆಡುತ್ತಾ ಆಡುತ್ತಾ ಆಫ್ ಆಗುವ ಕಾಯಿಲೆ ಸಾಮಾನ್ಯವಾಗಿ ಅಲ್ಲಿಗೇ ವಾಸಿ. ಮೊದಲ ಗೇಮ್‌ಬಾಯ್ ಪರದೆಯಲ್ಲಿ ಉದ್ದುದ್ದ ಗೆರೆಗಳು ಮಾಯವಾಗಿದ್ದರೆ ಪರದೆ ಸತ್ತಿದೆ ಎಂದು ಎಸೆಯುತ್ತಾರೆ. ಸಡಿಲವಾಗಿರುವುದು ಗಾಜಿನ ಕೆಳಅಂಚಿಗೆ ಅಂಟಿದ ರಿಬ್ಬನ್. ಶಾಖ ಕಡಿಮೆ ಮಾಡಿದ ಸೋಲ್ಡರಿಂಗ್ ಐರನ್ನನ್ನು ಆ ಅಂಚಿನ ಮೇಲೆ ನಿಧಾನ ಎಳೆಯಬೇಕು, ಯಂತ್ರ ಆನ್ ಇಟ್ಟುಕೊಂಡೇ. ಐರನ್ ಹೋದಲ್ಲೆಲ್ಲ ಒಂದೊಂದೇ ಗೆರೆ ಮರಳಿ ಬರುತ್ತದೆ. ಇದನ್ನು ನೋಡಿದ ಮೇಲೆ ಕೆಲವು ಹುಡುಗರು ಐಪಿಎಸ್ ಮಾತೇ ಎತ್ತುವುದಿಲ್ಲ.

ಕ್ಯಾಟ್ರಿಜ್ ಒಳಗಿನ ಗುಂಡಿ ಬ್ಯಾಟರಿಯ ವಿಷಯ ಬೇರೆ. ಪೋಕೆಮಾನ್‌ನಂಥ ಆಟಗಳಲ್ಲಿ ಆಡಿ ಉಳಿಸಿದ್ದೆಲ್ಲ ನಿಂತಿರುವುದು ಅದರ ಮೇಲೆ. ಪೋಕೆಮಾನ್‌ನ ಗೋಲ್ಡ್, ಸಿಲ್ವರ್ ಆವೃತ್ತಿಗಳಲ್ಲಿ ಅದೇ ಬ್ಯಾಟರಿ ಗಡಿಯಾರವನ್ನೂ ನಡೆಸುವುದರಿಂದ ಬೇಗ ಸಾಯುತ್ತದೆ. ಬದಲಿಸುವಾಗ ಉಳಿಸಿದ ಆಟ ಅಳಿಸಿಹೋಗುತ್ತದೆ ಎಂದು ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ. ಇಂಥ ಬ್ಯಾಟರಿ ನುಂಗಿ ಮಕ್ಕಳು ಸತ್ತ ಮೇಲೆ ಆಸ್ಟ್ರೇಲಿಯಾ ಇವುಗಳಿಗೆಂದೇ ಸುರಕ್ಷತಾ ನಿಯಮ ಕಡ್ಡಾಯ ಮಾಡಿತು. 2022ರ ಜೂನ್ 22ರಿಂದ ಜಾರಿ. ಪೊಟ್ಟಣ ಮಗುವಿನ ಕೈಗೆ ಬಿಚ್ಚಲು ಬರಬಾರದು, ಎಚ್ಚರಿಕೆ ಇರಬೇಕು. ಮನೆಯಲ್ಲಿ ಪುಟ್ಟವರಿದ್ದರೆ ಹಳೆಯ ಗುಂಡಿಯನ್ನು ಮೇಜಿನ ಮೇಲೆ ಬಿಡದೆ, ಟೇಪ್ ಸುತ್ತಿ, ಸೂಪರ್‌ಮಾರ್ಕೆಟ್ಟಿನ ಬ್ಯಾಟರಿ ಡಬ್ಬಕ್ಕೆ ಹಾಕುವುದು ನನ್ನ ಶಾಸ್ತ್ರ.

ಬಿಚ್ಚುವ ಗೋಜು ಬೇಡವೆನ್ನುವವರಿಗೆ ಹೊಸ ಯಂತ್ರಗಳಿವೆ. 2021ರ ಡಿಸೆಂಬರಿನಲ್ಲಿ ಬಂದ ಅನಲಾಗ್ ಪಾಕೆಟ್ ಹಳೆಯ ಕ್ಯಾಟ್ರಿಜ್‌ಗಳನ್ನೇ ತೆಗೆದುಕೊಳ್ಳುತ್ತದೆ. ಅದರ ಪರದೆ 1600 ಗುಣಿಸು 1440, ಅಗಲಕ್ಕೂ ಎತ್ತರಕ್ಕೂ ಹಳೆಯದರ ಸರಿಯಾಗಿ ಹತ್ತುಪಟ್ಟು, ಹಾಗಾಗಿ ಒಂದು ಚುಕ್ಕಿಯೂ ಅತ್ತಿತ್ತ ವಾಲುವುದಿಲ್ಲ. ಅಗ್ಗದಲ್ಲಿ ಮಿಯೂ ಮಿನಿ, ಆನ್‌ಬರ್ನಿಕ್ ತರದವು ಇವೆ. ಇವಕ್ಕೆ ಚೀಲ, ಗ್ರಿಪ್ ಎಂದು ಹುಡುಕುವ ಮೊದಲು ಒಳ್ಳೆಯ ಕಂಪನಿಯ ಮೆಮೊರಿ ಕಾರ್ಡ್ ಕೊಳ್ಳಿ. ಜೊತೆಗೆ ಬರುವ ಹೆಸರಿಲ್ಲದ ಕಾರ್ಡ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ವಿದೇಶದಿಂದ ತರಿಸುವ ಸಣ್ಣ ಸಾಮಾನಿಗೂ 2018ರ ಜುಲೈಯಿಂದ ಇಲ್ಲಿ ಜಿಎಸ್‌ಟಿ ಬೀಳುತ್ತದೆ. ಬೆಲೆ ಹೋಲಿಸುವಾಗ ಅದನ್ನೂ ಕೂಡಿಸಿಕೊಳ್ಳಿ.

ಕೊನೆಗೆ ಆ ತಾಯಂದಿರಿಗೆ ನಾನು ಹೇಳುವ ಕ್ರಮ ಇಷ್ಟೇ. ಮೊದಲು ಡ್ರೈವರ್, ಹತ್ತಿಕಡ್ಡಿ, ಆಲ್ಕೋಹಾಲ್. ಆಮೇಲೆ ಚಾರ್ಜ್ ಆಗುವ ಎಎ ಸೆಲ್‌ಗಳು. ಆಮೇಲೆ ಗೆಳೆಯರಿದ್ದರೆ ಲಿಂಕ್ ಕೇಬಲ್. ಪರದೆ ಎಲ್ಲಕ್ಕಿಂತ ಕೊನೆಗೆ, ಅದೂ ರಾತ್ರಿ ಹಾಸಿಗೆಯಲ್ಲಿ ಆಡುವವರಿಗೆ. ಹಾಕಿಸಿದರೂ ಹಳೆಯ ಪಾಚಿ ಪರದೆಯನ್ನು ಜೋಪಾನ ಮಾಡಿ, ಅದು ಇನ್ನು ತಯಾರಾಗುವುದಿಲ್ಲ. ಹಿತ್ತಲಲ್ಲಿ, ವರಾಂಡದಲ್ಲಿ ಆಡುವವರಿಗೆ ಪರದೆಯ ಖರ್ಚೇ ಬೇಡ. ಹೊಸ ಪರದೆಯ ದೀಪ ಕ್ವೀನ್ಸ್‌ಲ್ಯಾಂಡ್ ಬಿಸಿಲಿಗೆ ಮಂಕಾಗುತ್ತದೆ, ಯೊಕೊಯ್ ಅವರ ಪಾಚಿ ಪರದೆ ಬಿಸಿಲು ಹೆಚ್ಚಿದಷ್ಟೂ ಚೆನ್ನಾಗಿ ಕಾಣುತ್ತದೆ. ಆ ದುಡ್ಡಿಗೆ ಇನ್ನೊಂದು ಆಟ ಬರುತ್ತದೆ.